ಓದುಗರ ಪ್ರಶ್ನೆ: "ಇದ್ರಿಂದ ಏನ್ ಸಿಗತ್ತೆ ಸಾರ್?"

ಹೋದ ತಿಂಗ್ಳು ಇದೇ ಪುಟದ ಕೆಳಗಡೆ "ನಿಮ್ಮ ಹವ್ಯಾಸದ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ" ಅಂತ ಒಂದೇ ಒಂದು ಸಾಲು ಹಾಕಿದ್ದೆ. ಪತ್ರ, ಇಮೇಲು, ವಾಟ್ಸಾಪು, ಒಬ್ರಂತೂ ವಾಯ್ಸ್ ಮೆಸೇಜು, ಹನ್ನೊಂದು ನಿಮಿಷದ್ದು, ಹಿಂದೆ ಕುಕ್ಕರ್ ಕೂಗ್ತಿತ್ತು. ಎಲ್ಲಾ ಓದಿ, ಕೇಳಿ ಮುಗಿಸೋ ಹೊತ್ತಿಗೆ ನಂಗೆ ಗೊತ್ತಾಗಿದ್ದೇನಪ್ಪಾ ಅಂದ್ರೆ ಮುಕ್ಕಾಲು ಜನ ಕೇಳಿರೋದು ಒಂದೇ ಪ್ರಶ್ನೆ, ವೇಷ ಮಾತ್ರ ಬೇರೆ ಬೇರೆ: ಇದ್ರಿಂದ ಏನ್ ಸಿಗತ್ತೆ? ಮನೇಲಿ ಕೇಳ್ತಾರಂತೆ, ಪಕ್ಕದ ಮನೆಯವ್ರು ಕೇಳ್ತಾರಂತೆ, ಕೊನೆಗೆ ಇವರೇ ತಮ್ಮನ್ನ ತಾವು ಕೇಳ್ಕೊಂಡು ನಿದ್ದೆ ಕೆಡಿಸ್ಕೊಂಡಿದಾರೆ. ಹೆಸರು ಹಾಕ್ಬೇಡಿ ಅಂತ ಹೆಚ್ಚಿನವ್ರು ಹೇಳಿರೋದ್ರಿಂದ ಯಾರ ಹೆಸರೂ ಇಲ್ಲ, ಊರು ಮಾತ್ರ.

ಪ್ರಶ್ನೆ: ನಾನು ರಿಟೈರ್ಡ್ ಬ್ಯಾಂಕ್ ನೌಕರ. ಅಟ್ಟ ಕ್ಲೀನ್ ಮಾಡ್ವಾಗ ಹೈಸ್ಕೂಲಲ್ಲಿ ಸ್ಟಾಂಪ್ ಅಂಟಿಸಿದ್ದ ನೋಟ್‌ಬುಕ್ ಸಿಕ್ತು. ಇನ್ನೂರರ ಹತ್ರ ಇವೆ. ವಿಶ್ವೇಶ್ವರಯ್ಯನವರ ಹಳೇ ಸ್ಟಾಂಪೂ ಇದೆ. ಮಗ "ಲಕ್ಷಗಟ್ಲೆ ಬರತ್ತೆ, ಯಾರಿಗೂ ತೋರಿಸ್ಬೇಡಿ" ಅಂತಾನೆ. ಮೊಮ್ಮಗ ಅದನ್ನ ನೋಡಿ "ಸ್ಟಿಕ್ಕರ್ ಬುಕ್ಕಾ ತಾತಾ?" ಅಂದ. ಏನ್ ಮಾಡ್ಲಿ?
(ದಾವಣಗೆರೆ)

ಉತ್ತರ: ಮೊಮ್ಮಗನ ಮಾತು ಮಗನ ಮಾತಿಗಿಂತ ಸತ್ಯಕ್ಕೆ ಹತ್ರ ಇದೆ ಸಾರ್. ಬೇಜಾರ್ ಮಾಡ್ಕೋಬೇಡಿ. ವಿಶ್ವೇಶ್ವರಯ್ಯನವರ ಆ ಸ್ಟಾಂಪು 1960ರದ್ದು, ಅವರ ನೂರನೇ ಹುಟ್ಟುಹಬ್ಬದ ದಿನ, ಸೆಪ್ಟೆಂಬರ್ 15ಕ್ಕೆ ಬಿಟ್ಟಿದ್ದು, 15 ನಯಾಪೈಸೆದು. ಅದರ ವಿಶೇಷ ಏನಂದ್ರೆ ಆಗ ಅವ್ರು ಬದುಕಿದ್ರು. ನಮ್ಮಲ್ಲಿ ಬದುಕಿರೋರ ಮುಖ ಸ್ಟಾಂಪಿನ ಮೇಲೆ ಬರೋದು ತೀರಾ ಅಪರೂಪ, ಅವರಿಗಿಂತ ಮುಂಚೆ 1958ರಲ್ಲಿ ಹೆಣ್ಣುಮಕ್ಕಳ ಓದಿಗೆ ದುಡಿದ ಧೋಂಡೋ ಕೇಶವ ಕರ್ವೆ ಅವರದ್ದು ಬಂದಿತ್ತು. ಆದ್ರೆ ಕಥೆ ದೊಡ್ಡದು ಅಂತ ರೇಟು ದೊಡ್ಡದಾಗಲ್ಲ. ರೇಟ್ ಬರೋದು ಎಷ್ಟು ಉಳಿದಿವೆ, ಯಾವ ಸ್ಥಿತೀಲಿವೆ ಅನ್ನೋದರ ಮೇಲೆ. 1948ರಲ್ಲಿ ಗಾಂಧೀಜಿಯವರ ಹತ್ತು ರೂಪಾಯಿ ಸ್ಟಾಂಪಿನ ಮೇಲೆ ಸರ್ಕಾರಿ ಬಳಕೆಗೆ ಅಂತ 'ಸರ್ವೀಸ್' ಅಚ್ಚು ಹಾಕಿದ್ದು ನೂರೇ ನೂರು, ಅದಕ್ಕೆ ಲಕ್ಷಗಟ್ಲೆ. ನಿಮ್ಮ ನೋಟ್‌ಬುಕ್ಕಲ್ಲಿ ಅದಿದ್ರೆ ಈ ಉತ್ತರ ಓದೋದು ಇಲ್ಲಿಗೇ ನಿಲ್ಸಿ ಒಳ್ಳೇ ವಕೀಲರನ್ನ ನೋಡಿ. ಇಲ್ದಿದ್ರೆ ಮುಂದಕ್ಕೆ ಓದಿ.

'ಅಂಟಿಸಿದ್ದ' ಅಂದ್ರಲ್ಲ, ನನಗೆ ಎದೆ ಧಸಕ್ ಅಂದಿದ್ದು ಅಲ್ಲೇ. ನಾವೆಲ್ಲಾ ಮಾಡಿದ್ದು ಅದನ್ನೇ, ಅನ್ನದ ಅಗುಳು, ಗೋಂದು, ಏನ್ ಸಿಕ್ತೋ ಅದು. ಕಿತ್ತು ತೆಗೆಯೋಕೆ ಹೋಗ್ಬೇಡಿ, ಅಂಚಿನ ಹಲ್ಲು ಒಂದು ಹೋದ್ರೂ ಸ್ಟಾಂಪ್ ಕೆಟ್ಟಂಗೆ. ಆ ಹಾಳೆಯನ್ನ ಸ್ಟಾಂಪಿನ ಸುತ್ತ ಸ್ವಲ್ಪ ಜಾಗ ಬಿಟ್ಟು ಕತ್ತರಿಸಿ, ಅಗಲವಾದ ತಟ್ಟೇಲಿ ಉಗುರುಬೆಚ್ಚಗಿನ ನೀರು ಹಾಕಿ, ಮುಖ ಮೇಲೆ ಮಾಡಿ ತೇಲಿಬಿಡಿ. ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ, ಕಾಫಿ ಕುಡೀರಿ, ಬೆರಳು ಹಾಕಿ ಎಳೀಬೇಡಿ, ಅದು ತಾನಾಗೇ ಜಾರತ್ತೆ. ಆ ಜಾರೋ ಕ್ಷಣ ಇದ್ಯಲ್ಲ, ಅರವತ್ತು ವರ್ಷದ ಗೋಂದು ಸೋತು ಕೈ ಬಿಡೋದು, ಅದನ್ನ ನೋಡೋಕೆ ಮೊಮ್ಮಗನನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಆಮೇಲೆ ಚಿಮಟದಲ್ಲಿ ಎತ್ತಿ, ಬಿಳೀ ಕಾಗದದ ಮೇಲೆ ಮುಖ ಕೆಳಗೆ ಮಾಡಿ ಒಣಗಿಸಿ, ಒಣಗಿದ ಮೇಲೆ ದಪ್ಪ ಪುಸ್ತಕದಡಿ ಒಂದು ರಾತ್ರಿ. ಆಮೇಲೆ ಸ್ಟಾಕ್ ಬುಕ್ಕಿಗೆ, ಅಂದ್ರೆ ಸ್ಟಾಂಪ್ ಸಿಕ್ಕಿಸಿಡೋ ಪಟ್ಟಿಗಳಿರೋ ಆಲ್ಬಂಗೆ, ಮತ್ತೆ ಯಾವ ಗೋಂದೂ ಬೇಡ. ಬಣ್ಣ ಬಿಡೋ ಹಾಗೆ ಅನುಮಾನ ಇದ್ದದ್ದನ್ನ ನೀರಿಗೆ ಹಾಕ್ಲೇಬೇಡಿ, ಹಾಳೆ ಸಮೇತ ಇಟ್ಕೊಳ್ಳಿ.

ಬೆಂಗಳೂರಿಗೆ ಹೋದಾಗ ಜಿಪಿಓ, ಅಂದ್ರೆ ದೊಡ್ಡ ಪೋಸ್ಟಾಫೀಸಿನ ಫಿಲಾಟೆಲಿ (ಸ್ಟಾಂಪ್ ಸಂಗ್ರಹದ) ಕೌಂಟರಿಗೆ ಒಂದು ಸಲ ಹೋಗ್ಬನ್ನಿ, ಹುಡುಗನ್ನೂ ಕರ್ಕೊಂಡು. 2006ರಲ್ಲಿ ಗಂಧದ ವಾಸನೆ ಸ್ಟಾಂಪ್ ಬಿಟ್ರು, 2017ರಲ್ಲಿ ಕಾಫಿ ವಾಸನೆದು, ನೂರು ರೂಪಾಯಿದು, ಅದನ್ನ ಬಿಡುಗಡೆ ಮಾಡಿದ್ದೂ ಬೆಂಗಳೂರಲ್ಲೇ. ಯಾರ ಹತ್ರನಾದ್ರೂ ಇದ್ರೆ ಮೂಸಿ ನೋಡೋಕೆ ಕೊಡಿಸಿ. ಹುಡುಗ ಸ್ಟಿಕ್ಕರ್ ಅಂದಿದ್ದನ್ನ ವಾಪಸ್ ತಗೋತಾನೆ.

ಪ್ರಶ್ನೆ: ನಂಗೆ 29, ಐಟಿ ಕೆಲಸ. ಮ್ಯಾಟ್ರಿಮೋನಿ ಪ್ರೊಫೈಲಲ್ಲಿ 'ಹಾಬೀಸ್' ಅಂತ ಕಾಲಂ ಇದೆ, ಅಮ್ಮ ಅದರಲ್ಲಿ ರೀಡಿಂಗ್, ಕುಕಿಂಗ್, ಕ್ಲಾಸಿಕಲ್ ಮ್ಯೂಸಿಕ್ ಅಂತ ತುಂಬ್ಸಿದಾರೆ. ಮೂರೂ ಸುಳ್ಳು. ನಿಜ ಹೇಳ್ಬೇಕಂದ್ರೆ ನಾನು ಆಫೀಸ್ ಮುಗಿಸಿ ರೀಲ್ಸ್ ನೋಡ್ತೀನಿ, ಅಷ್ಟೇ. ಖರ್ಚಿಲ್ದೆ, ಕ್ಲಾಸಿಗೆ ಸೇರದೆ, ಯಾರಿಗೂ ತೋರಿಸ್ದೆ ಮಾಡೋ ಹಾಬಿ ಏನಾದ್ರೂ ಇದ್ಯಾ? ಹತ್ತನೇ ಮಹಡೀಲಿ ಇರೋದು.
(ಬೆಂಗಳೂರು)

ಉತ್ತರ: ಆ ಕಾಲಂ ನೋಡಿದ್ರೆ ನಂಗೂ ನಗು ಬರತ್ತೆ, ಇಡೀ ಕರ್ನಾಟಕದ ಮದುವೆ ಗಂಡು ಹೆಣ್ಣುಗಳೆಲ್ಲಾ ಓದ್ತಾರೆ, ಟ್ರಾವೆಲ್ ಮಾಡ್ತಾರೆ, ಸಂಗೀತ ಕೇಳ್ತಾರೆ, ಆದ್ರೆ ಪುಸ್ತಕದಂಗಡಿ ಮಾತ್ರ ಖಾಲಿ.

ಹತ್ತನೇ ಮಹಡಿ ಅಂದ್ರಿ, ಬಾಲ್ಕನಿ ಇರ್ಬೇಕಲ್ಲ. ಹಕ್ಕಿ ನೋಡಿ. ನಗಬೇಡಿ, ಕ್ಯಾಮೆರಾ ಹಿಡ್ಕೊಂಡು ಮಿಲಿಟ್ರಿ ಬಟ್ಟೆ ಹಾಕ್ಕೊಂಡು ಕಾಡಿಗೆ ಹೋಗಿ ಅಂತ ಹೇಳ್ತಿಲ್ಲ. ಬೆಳಿಗ್ಗೆ ಹದಿನೈದು ನಿಮಿಷ, ಒಂದು ಹತ್ತು ರೂಪಾಯಿ ನೋಟ್‌ಬುಕ್ಕು, ಪೆನ್ನು. ಮೊದಲ ವಾರ ನಿಮಗೆ ಕಾಣೋದು ಪಾರಿವಾಳ, ಕಾಗೆ, ಹದ್ದು. ಬೇಜಾರಾಗತ್ತೆ. ಆ ಪಾರಿವಾಳ ಬಾಲ್ಕನೀಲಿ ಮಾಡೋ ಗಲೀಜಿಗೆ ಸಿಟ್ಟೂ ಬರತ್ತೆ. ಎರಡನೇ ವಾರ, ಕೆಳಗಿನ ಹೊಂಗೆ ಮರದಲ್ಲೋ ಸಂಪಿಗೆ ಮರದಲ್ಲೋ 'ಕುಟ್ರು ಕುಟ್ರು' ಅಂತ ಒಂದೇ ಸಮ ಕೂಗ್ತಿರೋದು ಕಿವಿಗೆ ಬೀಳತ್ತೆ, ಅದು ಅಲ್ಲೇ ಇತ್ತು ಇಷ್ಟ್ ವರ್ಷ, ನೀವು ಇಯರ್‌ಫೋನ್ ಹಾಕ್ಕೊಂಡಿದ್ರಿ. ಅದು ಕುಟ್ರುಹಕ್ಕಿ, ಹಸಿರು ಎಲೆ ಮಧ್ಯೆ ಹಸಿರು ಮೈ, ಕೂಗು ಕೇಳೋದು ದಿನಾ, ಕಾಣೋದು ಅಪರೂಪ. ಆಮೇಲೆ ಜುಟ್ಟಿನ ಪಿಕಳಾರ, ಹೂಕುಂಡದ ಹತ್ರ ಸೂರಕ್ಕಿ, ಕೆಂಪು ಕಣ್ಣಿನ ಕೆಂಬೂತ. ನಮ್ಮನೆ ಹಿಂದಿನ ನುಗ್ಗೆ ಮರದ ತುದೀಲಿ ಬೇಸಿಗೇಲಿ ಬೆಳಗಾಗೋ ಮುಂಚೆನೇ ಮಡಿವಾಳ ಹಕ್ಕಿ ಶುರು ಮಾಡತ್ತೆ, ಕಪ್ಪು ಬಿಳಿ, ಬಾಲ ಎತ್ಕೊಂಡು, ಒಂದು ದಿನ ಹಾಡಿದ್ದು ಇನ್ನೊಂದು ದಿನ ಹಾಡಲ್ಲ. ಹಾಲಿನವ್ನು ಬರೋವರ್ಗೂ ನಾನು ಅದರ ಕೆಳಗೆ ನಿಂತಿರ್ತೀನಿ, ಹೆಂಡ್ತಿ "ಅದೇನ್ ಸಿಕ್ತು ಅಲ್ಲಿ" ಅಂತ ಕೇಳ್ತಾಳೆ. ನೋಡಿ, ನಮ್ಮನೇಲೂ ಅದೇ ಪ್ರಶ್ನೆ.

ಫೋನ್ ಬಿಡಕ್ಕಾಗಲ್ಲ ಅಂದ್ರೆ ಅದನ್ನೇ ಬಳಸ್ಕೊಳ್ಳಿ. ಮರ್ಲಿನ್ ಅಂತ ಫ್ರೀ ಆ್ಯಪ್ ಇದೆ, ಅಮೆರಿಕಾದ ಕಾರ್ನೆಲ್ ಯೂನಿವರ್ಸಿಟಿಯ ಪಕ್ಷಿ ಲ್ಯಾಬಿನವ್ರು ಮಾಡಿದ್ದು, ಕೂಗು ಕೇಳಿಸಿದ್ರೆ ಯಾವ ಹಕ್ಕಿ ಅಂತ ಹೇಳತ್ತೆ. ಕೆಲವೊಮ್ಮೆ ಪಕ್ಕದ ಮನೆ ಮಿಕ್ಸಿಗೂ ಹೆಸರಿಟ್ಟುಬಿಡತ್ತೆ, ಅದಕ್ಕೇ ಕಣ್ಣಲ್ಲಿ ನೋಡಿದ್ಮೇಲೆ ಮಾತ್ರ ಪುಸ್ತಕದಲ್ಲಿ ಬರ್ಕೊಳ್ಳಿ. ಇನ್ನೊಂದು, ಹಕ್ಕಿ ಹತ್ರ ಬರ್ಲಿ ಅಂತ ಅದರ ಕೂಗನ್ನ ಫೋನಲ್ಲಿ ಪ್ಲೇ ಮಾಡ್ಬೇಡಿ, ತನ್ನ ಜಾಗಕ್ಕೆ ಇನ್ಯಾರೋ ಬಂದ್ರು ಅಂತ ಅದು ಮೊಟ್ಟೆ ಮರಿ ಬಿಟ್ಟು ಜಗಳಕ್ಕೆ ಬರತ್ತೆ. ಫೆಬ್ರವರೀಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ನಡಿಯತ್ತೆ, ಇದ್ದಲ್ಲೇ ಹದಿನೈದು ನಿಮಿಷ ಎಣಿಸಿ ಇ-ಬರ್ಡ್ ಅನ್ನೋ ಹಕ್ಕಿ ಲೆಕ್ಕದ ವೆಬ್‌ಸೈಟಲ್ಲಿ ಹಾಕಿದ್ರೆ ಆಯ್ತು, ಹತ್ತನೇ ಮಹಡಿಯ ಲೆಕ್ಕಾನೂ ಲೆಕ್ಕವೇ.

ಬೈನಾಕ್ಯುಲರ್ ಈಗ್ಲೇ ತಗೋಬೇಡಿ. ಮೂರು ತಿಂಗ್ಳು ಆದ್ಮೇಲೂ ನೋಟ್‌ಬುಕ್ ತುಂಬ್ತಾ ಇದ್ರೆ ಆಗ 8x42 ತಗೊಳ್ಳಿ, ಅಂದ್ರೆ ಎಂಟು ಪಟ್ಟು ಹತ್ರ ಕಾಣತ್ತೆ, ಮುಂದಿನ ಗಾಜು 42 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಪವರಿಂದು ತಗೊಂಡ್ರೆ ಕೈ ನಡುಗಿ ಹಕ್ಕಿ ಬದ್ಲು ಭೂಕಂಪ ಕಾಣತ್ತೆ. ಆ ಹೊತ್ತಿಗೆ ಒಂದು ಭಾನುವಾರ ರಂಗನತಿಟ್ಟು ನೋಡ್ಕೊಂಡು ಬನ್ನಿ, ಕಾವೇರಿ ಮಧ್ಯದ ಆ ನಡುಗಡ್ಡೆಗಳನ್ನ 1940ರಲ್ಲಿ ಮೈಸೂರು ಮಹಾರಾಜರು ಪಕ್ಷಿಧಾಮ ಮಾಡಿದ್ದು ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ. ಇಲ್ಲಾಂದ್ರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಹುಣಸೆ ಮರದ ಮೇಲೇ ಗೂಡು ಕಟ್ತಾವೆ, ಕೆಳಗೆ ಜನ ಎಮ್ಮೆ ಮೈ ತೊಳೀತಿರ್ತಾರೆ.

ಪ್ರೊಫೈಲಲ್ಲಿ ಏನ್ ಬರೀಬೇಕು ಅಂತ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ, 'ಬೆಳಿಗ್ಗೆ ಕುಟ್ರುಹಕ್ಕಿ ಹುಡುಕೋದು' ಅಂತ ಬರೀರಿ. ಫೋನ್ ಮಾಡೋರು ಕಮ್ಮಿ ಆಗ್ತಾರೆ, ಮಾಡೋರು ವಾಸಿ ಇರ್ತಾರೆ.

ಪ್ರಶ್ನೆ: ನಮಸ್ಕಾರ್ರೀ. ನನಗ ಕಸೂತಿ ಹಾಕೋದು ಭಾಳ ಸೇರ್ತದ, ಅವ್ವ ಕಲಿಸಿದ್ದು. ಮಧ್ಯಾಹ್ನ ಎಲ್ಲಾರೂ ಮಲಗಿದ ಮ್ಯಾಲೆ ಕೂತು ಹಾಕ್ತೀನಿ. ಈಗ ಓಣ್ಯಾಗಿನ ಮಂದಿ, ನಾದಿನಿ, ಎಲ್ಲಾರೂ "ಇಷ್ಟ್ ಚಂದ ಹಾಕ್ತಿ, ಮಾರು, ಇನ್‌ಸ್ಟಾಗ್ರಾಮ್ ಪೇಜ್ ತೆಗಿ, ಸುಮ್ನ ಟೈಮ್ ಯಾಕ ವೇಸ್ಟ್ ಮಾಡ್ತಿ" ಅಂತಾರ. ಒಂದ್ ಸಲ ಒಬ್ರಿಗೆ ಆರ್ಡರ್ ಮಾಡಿಕೊಟ್ಟೆ, ಆ ಒಂದ್ ತಿಂಗಳು ಸೂಜಿ ಕಂಡ್ರ ಸಿಟ್ಟು ಬರ್ತಿತ್ತು. ನಂದ ತಪ್ಪೇನ್ರೀ?
(ಧಾರವಾಡ)

ಉತ್ತರ: ನಿಮ್ಮದೇನೂ ತಪ್ಪಿಲ್ಲ ಅಕ್ಕೋರೇ. ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮದೇ, 'ಸೂಜಿ ಕಂಡ್ರ ಸಿಟ್ಟು' ಅನ್ನೋ ಮಾತನ್ನ ಎರಡು ಸಲ ಓದ್ದೆ.

ಕಸೂತಿ ಗೊತ್ತಿಲ್ದಿರೋ ಓದುಗರಿಗೆ ಎರಡು ಮಾತು ಹೇಳಿಬಿಡ್ತೀನಿ. ಬಟ್ಟೆ ಮೇಲೆ ಪೆನ್ಸಿಲಿಂದ ಚಿತ್ರ ಬರ್ಕೊಂಡು ಅದರ ಮೇಲೆ ಹೊಲಿಯೋದಲ್ಲ ಇದು. ನೇಯ್ಗೆಯ ಎಳೆ ಎಣಿಸ್ತಾ ಹೋಗ್ಬೇಕು, ಒಂದು ಎಳೆ ತಪ್ಪಿದ್ರೆ ಮುಂದಿನ ಗೋಪುರ ವಾಲ್ಕೊಂಡು ನಿಲ್ಲತ್ತೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಥರದ ಹೊಲಿಗೆ. ಗವಂತೀಲಿ ಒಂದು ಬಿಟ್ಟು ಒಂದು ಹಾಕ್ತಾ ಮುಂದೆ ಹೋಗಿ, ಬಿಟ್ಟ ಜಾಗ ತುಂಬ್ತಾ ವಾಪಸ್ ಬರ್ಬೇಕು, ಮುರ್ಗೀನೂ ಹಾಗೇ ಆದ್ರೆ ಮೆಟ್ಟಿಲು ಮೆಟ್ಟಿಲಾಗಿ. ಈ ಎರಡರಲ್ಲೂ ಗಂಟು ಹಾಕೋ ಹಾಗಿಲ್ಲ, ಬಟ್ಟೆ ತಿರುಗಿಸಿದ್ರೆ ಹಿಂದೇನೂ ಮುಂದಿನ ಹಾಗೇ ಕಾಣ್ಬೇಕು. ತೇರು, ತುಳಸಿ ಕಟ್ಟೆ, ಅಂಬಾರಿ ಆನೆ, ತೊಟ್ಟಿಲು ಎಲ್ಲಾ ಬರೋದು ಈ ಎಣಿಕೆಯಿಂದಲೇ. ನಮ್ಮ ದೊಡ್ಡಮ್ಮನ ಹತ್ರ ಒಂದು ಚಂದ್ರಕಾಳಿ ಸೀರೆ ಇತ್ತು, ಕಪ್ಪು ಇಳಕಲ್ ಸೀರೆ ಮೇಲೆ ಕಸೂತಿ, ಅವರ ಮದ್ವೇದು. ಸೆರಗಲ್ಲಿ ಒಂದು ಆನೆಗೆ ಮೂರೇ ಕಾಲು. ಹಾಕ್ತಾ ಕೂತಾಗ ಮಗು ಅತ್ತು ಎದ್ದು ಹೋದೋರು ಮತ್ತೆ ಆ ಕಾಲಿಗೆ ಬರ್ಲೇ ಇಲ್ಲ ಅಂತ ಅವರಮ್ಮ ಹೇಳ್ತಿದ್ರಂತೆ. ಮನೆಯವರೆಲ್ಲಾ ಆ ಸೀರೆ ಬಿಚ್ಚಿದಾಗ ಮೊದ್ಲು ಹುಡುಕೋದು ಆ ಕುಂಟಾನೆನೇ. ಆರ್ಡರಿಗೆ ಹಾಕಿದ ಸೀರೆ ಆಗಿದ್ರೆ ಅದನ್ನ ಡ್ಯಾಮೇಜ್ ಪೀಸ್ ಅಂತ ವಾಪಸ್ ಕಳಿಸ್ತಿದ್ರು.

ಮಾರೋದು ಕೆಟ್ಟದ್ದು ಅಂತ ನಾನು ಹೇಳಲ್ಲ, ಕಸೂತಿಯಿಂದ್ಲೇ ಮನೆ ನಡೆಸ್ತಿರೋ ಹೆಣ್ಣುಮಕ್ಕಳು ನಿಮ್ಮೂರಲ್ಲೇ ಇದಾರೆ, ಅದಕ್ಕೆ ಜಿಐ ಟ್ಯಾಗೂ, ಅಂದ್ರೆ ಇದು ಈ ಕಡೆಯದ್ದೇ ಅನ್ನೋ ಸರ್ಕಾರಿ ಗುರುತೂ, ಸಿಕ್ಕಿದೆ. ಆದ್ರೆ ಅದು ಅವರ ಕೆಲಸ. ನಿಮ್ಮದು ಮಧ್ಯಾಹ್ನದ ಒಂದೂವರೆ ಗಂಟೆ, ಇಡೀ ದಿನದಲ್ಲಿ ಯಾರೂ ನಿಮ್ಮನ್ನ ಏನೂ ಕೇಳದೇ ಇರೋ ಹೊತ್ತು. ಅದರಲ್ಲೂ ಕಸ್ಟಮರ್ ಬಂದು "ಬುಧವಾರ ಆಗತ್ತಾ?" ಅಂತ ಕೇಳಿದ್ರೆ ಸಿಟ್ಟು ಬರದೇ ಇನ್ನೇನ್ ಬರತ್ತೆ.

ನಾದಿನಿಗೆ ಹೇಳೋಕೆ ಒಂದು ಉಪಾಯ. ಒಂದು ಬ್ಲೌಸ್ ಪೀಸಿಗೆ ಎಷ್ಟು ಗಂಟೆ ಹಿಡಿಯತ್ತೆ ಗಡಿಯಾರ ನೋಡಿ ಬರ್ಕೊಳ್ಳಿ, ಧಾರವಾಡದಲ್ಲಿ ಒಬ್ಬ ಗಾರೆ ಕೆಲಸದವ್ರ ದಿನಗೂಲಿ ಎಷ್ಟು ಅಂತ ವಿಚಾರ್ಸಿ, ಆ ಲೆಕ್ಕದಲ್ಲಿ ರೇಟ್ ಹೇಳಿ. "ಅಯ್ಯ, ಇಷ್ಟ್ ತುಟ್ಟಿಯೇನ?" ಅಂತಾರೆ. ಅಲ್ಲಿಗೆ ಆರ್ಡರ್ ಕ್ಯಾನ್ಸಲ್. ಹಾಗೂ ಯಾರಾದ್ರೂ ಹೂಂ ಅಂದ್ಬಿಟ್ರೆ, ತಗೊಳ್ಳಿ ಮತ್ತೆ, ಅಷ್ಟು ದುಡ್ಡಿಗೆ ಒಂದು ತಿಂಗ್ಳ ಸಿಟ್ಟನ್ನ ಸಹಿಸ್ಕೋಬಹುದು. ಕಣ್ಣಿನ ಕಡೆ ಮಾತ್ರ ನೋಡ್ಕೊಳ್ಳಿ, ಕಿಟಕಿ ಬೆಳಕಲ್ಲೇ ಕೂತ್ಕೊಳ್ಳಿ, ಕಪ್ಪು ಬಟ್ಟೇನ ರಾತ್ರಿ ಮುಟ್ಬೇಡಿ.

ಈಗ ಸಣ್ಣ ಪುಟ್ಟ ಪ್ರಶ್ನೆಗಳು, ಉದ್ದ ಉತ್ತರ ಬೇಡದವು.

ಪ್ರಶ್ನೆ: ನಿದ್ದೆ ಮಾಡೋದು ಹವ್ಯಾಸ ಅಂತ ಹೇಳ್ಕೋಬಹುದಾ? (ತುಮಕೂರು)
ಉತ್ತರ: ಎಚ್ಚರ ಆದ್ಮೇಲೆ ಹೇಳ್ಕೊಳ್ಳಿ.

ಪ್ರಶ್ನೆ: ಗಿಟಾರ್ ತಗೊಂಡು ಎರಡು ವರ್ಷ ಆಯ್ತು, ಬೀರು ಮೇಲಿದೆ. (ಹಾಸನ)
ಉತ್ತರ: ಅದರ ಪಕ್ಕ ನಮ್ಮನೆ ಟ್ರೆಡ್‌ಮಿಲ್ಲಿಗೂ ಸ್ವಲ್ಪ ಜಾಗ ಇದ್ಯಾ?

ಪ್ರಶ್ನೆ: ಟೆರೇಸ್ ಗಾರ್ಡನ್ ಮಾಡಿ ಒಂದು ಕೆಜಿ ಟೊಮ್ಯಾಟೊ ಬೆಳೆದೆ. ಖರ್ಚು ಲೆಕ್ಕ ಹಾಕಿದ್ರೆ ಕೆಜಿಗೆ 1,400 ರೂಪಾಯಿ ಬಿತ್ತು. (ಮೈಸೂರು)
ಉತ್ತರ: ಬೆಳೆದಿದ್ದು ಸರಿ, ಲೆಕ್ಕ ಹಾಕಿದ್ದೇ ತಪ್ಪು.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಯಕ್ಷಗಾನದ ಹುಚ್ಚು. ನವೆಂಬರಿಂದ ಮೇ ತನಕ ವಾರದಲ್ಲಿ ನಾಲ್ಕು ದಿನ ಆಟ ಆಟ ಆಟ. ರಾತ್ರಿ ಹೋದೋರು ಬೆಳಿಗ್ಗೆ ಬಂದು ಮಲಗ್ತಾರೆ. ಮಕ್ಕಳ ಸ್ಕೂಲು, ದನ, ತೋಟ ಎಲ್ಲಾ ನಾನೇ. ಕೇಳಿದ್ರೆ "ಇದು ಕಲೆ, ನಿಂಗೆ ಅರ್ಥ ಆಗಲ್ಲ" ಅಂತಾರೆ. ಹವ್ಯಾಸ ಇರ್ಬೇಕು ಅಂತ ನೀವೆಲ್ಲಾ ಬರೀತೀರಲ್ಲ, ಇದಕ್ಕೇನ್ ಹೇಳ್ತೀರಿ?
(ಕುಂದಾಪುರ ಹತ್ತಿರದ ಹಳ್ಳಿ)

ಉತ್ತರ: ನೀವು ಬೈದಿದ್ದು ಸರಿಯಾಗೇ ತಾಗ್ತು. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ. ನಂಗೂ ಯಕ್ಷಗಾನ ಇಷ್ಟ, ಶುರೂಲಿ ಕೋಡಂಗಿ ಬರೋ ಹೊತ್ತಿಂದ ಕೊನೇ ಮಂಗಳದವರ್ಗೂ ಕೂತಿರೋನೇ ನಾನೂ, ಚಂಡೆ ಪೆಟ್ಟು ದೂರದಿಂದ ಕೇಳಿದ್ರೆ ಕಾಲು ತಾನಾಗೇ ಆ ಕಡೆ ತಿರುಗತ್ತೆ. ಆದ್ರೆ ಅವರು ನೋಡೋ ಒಂದೊಂದು ಆಟಕ್ಕೂ ಟಿಕೆಟ್ ಕೊಡ್ತಿರೋರು ನೀವು. ನಿಮಗೆ ಅರ್ಥ ಆಗಲ್ಲ ಅಂತ ಹೇಳೋ ಮನುಷ್ಯನಿಗೆ ಹಾಲು ಕರೆಯೋದು ಅರ್ಥ ಆಗತ್ತಾ ಅಂತ ಒಂದಿನ ನೋಡಿ.

ಈಗ ಎಷ್ಟೋ ಮೇಳಗಳು ಕಾಲಮಿತಿ ಆಟ ಆಡ್ತಾವೆ, ಸಂಜೆ ಶುರುವಾಗಿ ಮಧ್ಯರಾತ್ರಿ ಸುಮಾರಿಗೆ ಮಂಗಳ. ಅವರಿಗೆ ಅದು ರುಚಿಸಲ್ಲ ಅಂತ ಗೊತ್ತು, ಹಳಬರಿಗೆ ರಾತ್ರಿ ಪೂರ್ತಿ ಬೇಕು. ವಾರಕ್ಕೆ ಒಂದು ಇಡೀ ರಾತ್ರಿ, ಒಂದು ಕಾಲಮಿತಿ, ಅಷ್ಟಕ್ಕೆ ಒಪ್ಪಿಸಿ. ಇನ್ನೆರಡು ಸಂಜೆ ಅವರು ಮನೇಲಿ, ನೀವು ಹೊರಗೆ. ಎಲ್ಲಿಗೆ ಅಂತ ಅವರು ಕೇಳಿದ್ರೆ ನೀವು "ಇದು ಕಲೆ" ಅನ್ನಿ. ಸುಮ್ನೆ ಅಕ್ಕನ ಮನೆ ಜಗಲೀಲಿ ಕೂತು ಹರಟೆ ಹೊಡೆದ್ರೂ ಸರಿ. ಬೇಸಿಗೆ ಮುಗಿದು ಮೇಳ ಗೆಜ್ಜೆ ಬಿಚ್ಚಿದ್ಮೇಲೆ ಮಳೆಗಾಲ ಪೂರ್ತಿ ಅವರು ಮನೇಲಿ ಕೂತು ಮುಖ ಊದಿಸ್ಕೊಂಡಿರ್ತಾರಲ್ಲ, ಅದಕ್ಕೆ ಮಾತ್ರ ನನ್ನ ಹತ್ರ ಔಷಧಿ ಇಲ್ಲ.

ಪ್ರಶ್ನೆ: ನಾವು ಡಬ್ಲಿನ್‌ನಲ್ಲಿದೀವಿ, ಇಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲಾ ಕತ್ತಲು. ಮಕ್ಕಳು ಟ್ಯಾಬ್ ಬಿಡಲ್ಲ. ಅಜ್ಜಿ ಮನೇಲಿ ಅಳಗುಳಿ ಮಣೆ ಆಡಿದ್ದು ನೆನಪಿದೆ, ರೂಲ್ಸ್ ಮರ್ತಿದೀನಿ, ಮಣೆ ತರ್ಸೋಕೆ ಕೊರಿಯರ್ ಚಾರ್ಜೇ ಮಣೆಗಿಂತ ಜಾಸ್ತಿ. ಏನಾದ್ರೂ ದಾರಿ?
(ಡಬ್ಲಿನ್, ಐರ್ಲೆಂಡ್)

ಉತ್ತರ: ಹನ್ನೆರಡು ಮೊಟ್ಟೆಯ ಟ್ರೇ ಸಿಗತ್ತಲ್ಲ, ಆರಾರು ಗುಳಿ ಎರಡು ಸಾಲು. ನಿಮಗೆ ಬೇಕಿರೋದು ಏಳೇಳು. ಇನ್ನೊಂದು ಟ್ರೇಯಿಂದ ಎರಡು ಗುಳಿ ಕತ್ತರಿಸಿ ಟೇಪ್ ಹಾಕಿ, ಮಣೆ ರೆಡಿ. ಹುಣಸೆ ಬೀಜದ ಬದ್ಲು ರಾಜ್ಮಾ ಕಾಳು.

ಅಳಗುಳಿ ಮಣೆಗೆ ತುಳುನಾಡಲ್ಲಿ ಚೆನ್ನೆಮಣೆ ಅಂತಾರೆ, ಆ ಲೆಕ್ಕದಲ್ಲಿ ಹೇಳ್ತೀನಿ, ಗುಳಿಗೆ ನಾಲ್ಕು ಕಾಳು, ಒಟ್ಟು 56. ನಿಮ್ಮ ಸಾಲಿನ ಯಾವ್ದಾದ್ರೂ ಗುಳಿಯಿಂದ ಎಲ್ಲಾ ಎತ್ಕೊಂಡು ಒಂದೊಂದೇ ಹಾಕ್ತಾ ಬಲಕ್ಕೆ ಹೋಗಿ, ಕೈ ಖಾಲಿಯಾದ್ರೆ ಮುಂದಿನ ಗುಳಿಯಿಂದ ಎತ್ತಿ ಮುಂದುವರಿಸಿ. ಮುಂದಿನ ಗುಳಿ ಖಾಲಿ ಇದ್ರೆ ಅದರಾಚೆ ಗುಳೀಲಿ ಇರೋದೆಲ್ಲಾ ನಿಮಗೆ, ಅಲ್ಲಿಗೆ ನಿಮ್ಮ ಆಟ ನಿಂತು ಎದುರಿನವ್ರಿಗೆ ಸರದಿ. ಊರೂರಿಗೆ, ಮನೆ ಮನೆಗೆ ರೂಲ್ಸ್ ಬೇರೆ, ಇಷ್ಟರಿಂದ ಶುರು ಮಾಡಿ, ಉಳಿದಿದ್ದನ್ನ ಮಕ್ಕಳೇ ಜಗಳ ಆಡಿ ಹುಟ್ಟಿಸ್ಕೋತಾರೆ. ತುಳುನಾಡಲ್ಲಿ ಇದನ್ನ ಆಡ್ತಿದ್ದಿದ್ದು ಆಟಿ ತಿಂಗ್ಳಲ್ಲಿ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರ್ಗೆ, ಹೊರಗೆ ಕಾಲಿಡಕ್ಕಾಗದ ಮಳೆ, ಗದ್ದೆ ಕೆಲಸ ಮುಗಿದಿರತ್ತೆ. ನಿಮ್ಮ ಡಬ್ಲಿನ್ ಡಿಸೆಂಬರಿಗೂ ಅದಕ್ಕೂ ಏನ್ ವ್ಯತ್ಯಾಸ? ಒಡಹುಟ್ಟಿದೋರು ಎದುರುಬದುರು ಕೂತು ಆಡ್ಬಾರ್ದು ಅಂತ ಹಿರಿಯರು ಹೇಳೋದುಂಟು, ಕಾರಣ ನಿಮ್ಮ ಮಕ್ಕಳು ಒಂದು ಆಟ ಆಡಿದ್ಮೇಲೆ ನಿಮಗೇ ಗೊತ್ತಾಗತ್ತೆ.

ರಜಕ್ಕೆ ಬಂದಾಗ ಮೈಸೂರಿನ ಜಗನ್ಮೋಹನ ಅರಮನೆಗೆ ಕರ್ಕೊಂಡು ಹೋಗಿ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆ ಆಟದ ದೊಡ್ಡ ಹುಚ್ಚು ಇದ್ದೋರು, ತಾವೇ ಹೊಸ ಹೊಸ ಆಟ ಕಟ್ಟಿದ್ರು, ಅದರ ನಕ್ಷೆಗಳನ್ನ ಅಲ್ಲಿ ಗೋಡೆ ಮೇಲೇ ಬರೆಸಿದಾರೆ. ಅವರಿಗೆ "ಇದ್ರಿಂದ ಏನ್ ಸಿಗತ್ತೆ ಮಹಾಸ್ವಾಮಿ" ಅಂತ ಕೇಳೋ ಧೈರ್ಯ ಯಾರಿಗೂ ಇರ್ಲಿಲ್ಲ ಅನ್ಸತ್ತೆ.

ತಪ್ಪೊಪ್ಪಿಗೆ: ಹೋದ ಸಂಚಿಕೇಲಿ ಚೌಕಾಬಾರದ ಬಗ್ಗೆ ಬರೀತಾ ನಾಲ್ಕೂ ಕವಡೆ ಬೋರಲು ಬಿದ್ರೆ ನಾಲ್ಕು ಅಂತ ಬರೆದಿದ್ದೆ. ಅಂಗಾತ ಬಿದ್ರೆ ನಾಲ್ಕು, ಬೋರಲು ಬಿದ್ರೆ ಎಂಟು. ಮಂಡ್ಯದ ಒಬ್ಬ ಅಜ್ಜಿ ಮೊಮ್ಮಗಳ ಕೈಲಿ ಫೋನ್ ಮಾಡ್ಸಿ ಬೈದ್ರು, ಆ ನನ್ನ ರೂಲ್ ಹಿಡ್ಕೊಂಡು ಮೊಮ್ಮಗಳು ಅವತ್ತು ಅಜ್ಜಿಯ ಎಂಟನ್ನ ನಾಲ್ಕು ಮಾಡಿ ಎರಡು ಕಾಯಿ ಹೊಡೆದಿದ್ಲಂತೆ. ಅಜ್ಜಿ, ಆ ಆಟ ರದ್ದು, ಮೊದಲಿಂದ ಆಡಿ. ಕಾಯಿ ಹೊಡೀದೇ ಒಳಮನೆಗೆ ಹೋಗ್ಬಹುದಾ ಅಂತಲೂ ಕೇಳಿದ್ರಿ. ನಮ್ಮನೇಲಿ ಬಿಡಲ್ಲ. ನಿಮ್ಮನೇದು ನೀವೇ ಹೇಳ್ಬೇಕು.